ಕಾಯೋದೆಲ್ಲ ನಮ್ಮ ಪಾಲಿಗೇ ಯಾಕೆ? ಹೊರದೇಶದ ವಿಶ್ವವಿದ್ಯಾಲಯಗಳ ಅಡ್ಮಿಷನ್ ಆಫೀಸಿಗೊಂದು ಬಹಿರಂಗ ಪತ್ರ

ಅಡ್ಮಿಷನ್ ಆಫೀಸಿನವರಿಗೆ, ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನವರಿಗೆ,

ನಮಸ್ಕಾರ.

ಈ ಪತ್ರ ಕನ್ನಡದಲ್ಲಿದೆ. ನಿಮ್ಮಲ್ಲಿ ಹೆಚ್ಚಿನವರಿಗೆ ಓದಲು ಬರುವುದಿಲ್ಲ ಅಂತ ಗೊತ್ತು. ನಿಮ್ಮ ಭಾಷೆ ನನಗೆ ಬರುತ್ತದೆ ಅಂತ ತೋರಿಸಲು ನಾನೂ ಒಮ್ಮೆ ದುಡ್ಡು ಕಟ್ಟಿ ಪರೀಕ್ಷೆ ಬರೆದಿದ್ದೇನೆ. ಆ ಅಂಕ ಎರಡೇ ವರ್ಷಕ್ಕೆ ಹಳಸಿಯೂ ಹೋಯಿತು. ಎರಡು ವರ್ಷ ಕಳೆದರೆ ಇಂಗ್ಲಿಷ್ ಮರೆತುಹೋಗುತ್ತದೆ ಅಂತ ನಿಮ್ಮ ಲೆಕ್ಕ. ಹಾಗಾಗಿ ಈ ಸಲ ನನ್ನ ಭಾಷೆಯಲ್ಲೇ ಬರೆಯುತ್ತೇನೆ. ಅನುವಾದ ಮಾಡಿಸಿಕೊಳ್ಳುವ ಕೆಲಸ ನಿಮಗಿರಲಿ. ಇಂಗ್ಲಿಷಿನಲ್ಲಿ ಇಲ್ಲದ ಪ್ರತಿ ಕಾಗದಕ್ಕೂ ಮುದ್ರೆ ಹಾಕಿದ ಅನುವಾದ ತನ್ನಿ ಅಂತ ನಮಗೆ ಹೇಳುತ್ತೀರಲ್ಲ, ಹಾಗೆ.

ನನಗೆ ಹೇಳಬೇಕಿರುವುದು ಒಂದೇ ವಿಷಯ. ನಿಮ್ಮ ಕ್ಯಾಲೆಂಡರಿನಲ್ಲಿ ಅರ್ಜಿಗೆ ಕೊನೆ ದಿನ ಇದೆ. ಸೀಟಿಗಾಗಿ ಡೆಪಾಸಿಟ್ ಕಟ್ಟಲು ಕೊನೆ ದಿನ ಇದೆ. ಕ್ಲಾಸ್ ಶುರುವಾಗುವ ದಿನ ಇದೆ. ಮೂರೂ ನಮಗೆ ಎಳೆದ ಗೆರೆಗಳು. ನೀವು ಯಾವ ದಿನದೊಳಗೆ ಉತ್ತರ ಕೊಡಬೇಕು ಅನ್ನುವುದು ಮಾತ್ರ ಎಲ್ಲೂ ಕಾಣುವುದಿಲ್ಲ. 'ರೋಲಿಂಗ್ ಬೇಸಿಸ್' ಅಂತೀರಿ, ಅಂದರೆ ಅರ್ಜಿ ಬಂದ ಹಾಗೆ ನೋಡುತ್ತ ಹೋಗುವುದು. 'ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರ' ಅಂತೀರಿ. ಆ ಸಾಮಾನ್ಯ ನಾಲ್ಕು ವಾರ ಆಚೆ ಹೋದರೆ ನಿಮಗೇನೂ ಆಗುವುದಿಲ್ಲ. ನಮಗೆ ಒಂದು ವರ್ಷ ಹೋಗುತ್ತದೆ.

ಅದು ಹೇಗೆ ಅಂತ ಹೇಳುತ್ತೇನೆ. ನಿಮ್ಮ ಆಫರ್ ಲೆಟರ್ ಬಂತು ಅಂದರೆ ನಾವು ಹೊರಟ ಹಾಗಲ್ಲ. ಕೆಲಸ ಶುರುವಾಗುವುದೇ ಆಮೇಲೆ. ಅಮೆರಿಕದ ಕತೆ ತೆಗೆದುಕೊಳ್ಳಿ. ಖರ್ಚಿಗೆ ದುಡ್ಡಿದೆ ಅಂತ ಬ್ಯಾಂಕಿನ ಪತ್ರ ಕಳಿಸಬೇಕು. ನೀವು ಅದನ್ನು ನೋಡಿ ಐ-20 ಕೊಡಬೇಕು, ವೀಸಾಗೆ ಬೇಕಾದ ಪ್ರವೇಶದ ಪತ್ರ ಅದು. ಆ ಐ-20 ಮೇಲೆ ಸೆವಿಸ್ ನಂಬರ್, ಅಂದರೆ ಹೊರದೇಶದ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯ ನಂಬರ್, ಇಲ್ಲದಿದ್ದರೆ ಸೆವಿಸ್ ಶುಲ್ಕದ 350 ಡಾಲರ್ ಕಟ್ಟಲು ಬರುವುದಿಲ್ಲ. ಅದನ್ನು ಕಟ್ಟದೆ ವೀಸಾ ಸಂದರ್ಶನಕ್ಕೆ ಹೋಗುವ ಹಾಗಿಲ್ಲ. ಬ್ರಿಟನ್ ಆದರೆ ಐ-20 ಜಾಗದಲ್ಲಿ ವಿಶ್ವವಿದ್ಯಾಲಯ ಕೊಡುವ ಕ್ಯಾಸ್ ನಂಬರ್. ಆಸ್ಟ್ರೇಲಿಯಾ ಆದರೆ ಸಿಒಇ ಅನ್ನುವ ದಾಖಲಾತಿ ಪತ್ರ, ಅದರ ಜೊತೆಗೆ ಆರೋಗ್ಯ ವಿಮೆ. ಕೆನಡಾದಲ್ಲಿ 2024ರ ಜನವರಿಯಿಂದ ಬಹಳ ಮಂದಿಗೆ ಪ್ರಾಂತ್ಯದ ದೃಢೀಕರಣ ಪತ್ರ ಅಂತ ಇನ್ನೊಂದು ಸೇರಿಕೊಂಡಿತು. ಜರ್ಮನಿಗೆ ಹೋಗುವವರು ಬ್ಲಾಕ್ಡ್ ಅಕೌಂಟ್ ತೆರೆದು ಒಂದು ವರ್ಷದ ಖರ್ಚನ್ನು ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ. ಅಲ್ಲಿಗೆ ಹೋದ ಮೇಲೆ ನಮ್ಮದೇ ದುಡ್ಡು ತಿಂಗಳಿಗೆ 992ರಂತೆ ಕೈಗೆ ಬರುತ್ತದೆ.

ಹೀಗೆ ಒಂದು ಕಾಗದದ ಬಾಲ ಹಿಡಿದು ಇನ್ನೊಂದು. ಮೊದಲನೆಯದು ತಡವಾದರೆ ಅದರ ಹಿಂದೆ ಬರುವುದೆಲ್ಲ ತಡ. ಆ ಮೊದಲನೆಯದು ಇರುವುದು ನಿಮ್ಮ ಕೈಯಲ್ಲಿ.

ಬ್ರಿಟನ್ನಿನ ಒಂದು ನಿಯಮ ನೋಡಿ. ಫೀಸಿಗೂ ಖರ್ಚಿಗೂ ಬೇಕಾದ ಹಣ ಅಕೌಂಟಿನಲ್ಲಿ ಬಿಡದೆ 28 ದಿನ ಇರಬೇಕು. ಆ 28 ದಿನ ಮುಗಿಯುವ ತಾರೀಕು ವೀಸಾ ಅರ್ಜಿ ಹಾಕುವ ದಿನಕ್ಕಿಂತ 31 ದಿನಕ್ಕೂ ಹಳೆಯದಾಗಿರಬಾರದು. ಒಂದೇ ಒಂದು ದಿನ ಬ್ಯಾಲೆನ್ಸ್ ಕೆಳಗಿಳಿದರೂ ಲೆಕ್ಕ ಕೆಟ್ಟಿತು. ನನ್ನ ಗೆಳತಿ ಒಬ್ಬಳು 23ನೇ ದಿನದವರೆಗೆ ಆ ದುಡ್ಡನ್ನು ಹಾಲು ಕಾಯಿಸುವ ಹಾಗೆ ಕಾದಿದ್ದಳು. ದಿನಾ ಬೆಳಿಗ್ಗೆ ಫೋನ್ ತೆಗೆದು ಬ್ಯಾಲೆನ್ಸ್ ನೋಡುತ್ತಿದ್ದಳು. ಅವತ್ತು ಬ್ಯಾಂಕಿನವರು ಯಾವುದೋ ಸರ್ವಿಸ್ ಚಾರ್ಜ್ ತಾವೇ ಕಳೆದುಕೊಂಡರು. ಬಹಳ ಸಣ್ಣ ಮೊತ್ತ. ಆದರೆ ಅವಳು ಬೇಕಾದಷ್ಟೇ ಇಟ್ಟಿದ್ದಳು, ಮೇಲೊಂದು ಬಿಡಿಗಾಸು ಇಟ್ಟಿರಲಿಲ್ಲ. ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದಳು. ನಿಮ್ಮ ಆಫರ್ ಮೂರು ವಾರ ಮೊದಲು ಬಂದಿದ್ದರೆ ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಲು ದಿನ ಇರುತ್ತಿತ್ತು. ಬಂದದ್ದು ತಡವಾಗಿ. ಅವಳು ಆ ವರ್ಷ ಹೋಗಲಿಲ್ಲ.

ವೀಸಾ ನಿಯಮ ನಾವು ಮಾಡಿದ್ದಲ್ಲ, ಸರ್ಕಾರದ್ದು ಅಂತ ನೀವು ಹೇಳುತ್ತೀರಿ. ಸರಿಯೇ. ಆದರೆ ಆ ನಿಯಮಗಳು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ನಾವು ಜೀವಮಾನದಲ್ಲಿ ಒಂದೇ ಸಲ ಈ ದಾರಿ ಹಿಡಿಯುತ್ತೇವೆ. ನೀವು ವರ್ಷಕ್ಕೆ ಎರಡು ಸಲ ಸಾವಿರಾರು ಜನರನ್ನು ಇದೇ ದಾರಿಯಲ್ಲಿ ಕರೆಸುತ್ತೀರಿ. ಕ್ಲಾಸ್ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿದರೆ ಆಫರ್ ಯಾವ ತಿಂಗಳಲ್ಲಿ ಹೋಗಬೇಕು ಅಂತ ನಿಮಗೇ ತಿಳಿಯುತ್ತದೆ. ಎಣಿಸುವುದಿಲ್ಲ ಅಷ್ಟೇ.

ಈಗ ನನ್ನ ಹೆಸರಿನ ಕತೆ.

ನನ್ನದು ಒಂಟಿ ಹೆಸರು. ಪಾಸ್‌ಪೋರ್ಟಿನಲ್ಲೂ ಅದೊಂದೇ. ಮುಂದೆ ಇಲ್ಲ, ಹಿಂದೆ ಇಲ್ಲ. ಇದು ಅಪರೂಪವೇನಲ್ಲ. ಇಂಡೋನೇಷ್ಯಾದ ಮೊದಲ ಇಬ್ಬರು ಅಧ್ಯಕ್ಷರು, ಸುಕರ್ಣೊ ಮತ್ತು ಸುಹಾರ್ತೊ, ಇಬ್ಬರೂ ಒಂಟಿ ಹೆಸರಿನವರೇ. ಒಂದು ದೇಶ ಆಳಿದರು, ನಿಜ. ಆದರೆ ನಿಮ್ಮ ಅರ್ಜಿ ತುಂಬಲು ಕೂತಿದ್ದರೆ ಎರಡನೇ ಪುಟ ನೋಡುತ್ತಿರಲಿಲ್ಲ.

ಯಾಕೆಂದರೆ 'ಫಸ್ಟ್ ನೇಮ್' ಪಕ್ಕ ಒಂದು ಕೆಂಪು ಚುಕ್ಕೆ, 'ಲಾಸ್ಟ್ ನೇಮ್' ಪಕ್ಕ ಇನ್ನೊಂದು. ಎರಡನೆಯದನ್ನು ಖಾಲಿ ಬಿಟ್ಟೆ. ಇದು ಕಡ್ಡಾಯ ಅಂತ ಕೆಂಪಕ್ಷರ ಬಂತು. ಒಂದು ಫುಲ್‌ಸ್ಟಾಪ್ ಹಾಕಿದೆ. ಅಕ್ಷರ ಮಾತ್ರ ಹಾಕಿ ಅಂತು. ಸ್ಪೇಸ್ ಒತ್ತಿ ನೋಡಿದೆ, ಅದೂ ಆಗಲಿಲ್ಲ. ಸಹಾಯಕ್ಕೆ ಮೇಲ್ ಹಾಕಿದೆ, ಅರ್ಜಿಯ ಕೊನೆ ದಿನದವರೆಗೂ ಉತ್ತರ ಇಲ್ಲ. ಕೊನೆಗೆ ನನ್ನ ಹೆಸರನ್ನೇ ಎರಡು ಸಲ ಬರೆದೆ. ಫಾರ್ಮ್ ಖುಷಿಯಾಗಿ ಒಳಗೆ ಬಿಟ್ಟಿತು.

ಅಲ್ಲಿಂದ ನಾನು ಇಬ್ಬರಾದೆ. ಆಫರ್ ಲೆಟರಿನಲ್ಲಿ ಹೆಸರು ಎರಡು ಸಲ. ಐ-20ಯಲ್ಲೂ ಎರಡು ಸಲ. ಪಾಸ್‌ಪೋರ್ಟಿನಲ್ಲಿ ಒಂದೇ ಸಲ. ತಿದ್ದಿಕೊಡಿ ಅಂತ ಬರೆದೆ. ಮೊದಲು ಬಂದದ್ದು ತನ್ನಷ್ಟಕ್ಕೆ ತಾನೇ ಹೊರಡುವ ಉತ್ತರ: ನಿಮ್ಮ ಪತ್ರ ಮುಟ್ಟಿದೆ, ಈಗ ಕೆಲಸ ಜಾಸ್ತಿ ಇದೆ. ಎರಡನೆಯದು, ಇಂಟರ್‌ನ್ಯಾಷನಲ್ ಆಫೀಸನ್ನು ಕೇಳಿ. ಕೇಳಿದೆ. ಅವರು, ಮೂಲ ದಾಖಲೆ ಅಡ್ಮಿಷನ್ ಆಫೀಸಿನದು, ಅವರು ತಿದ್ದಿದರೆ ನಾವು ತಿದ್ದುತ್ತೇವೆ ಅಂದರು. ಇಬ್ಬರೂ ಬಹಳ ಮರ್ಯಾದೆಯಿಂದಲೇ ಬರೆದರು, ಸುಳ್ಳು ಹೇಳಬಾರದು. ಪ್ರತಿ ಮೇಲ್ ಕೊನೆಯಲ್ಲೂ ನಿಮ್ಮನ್ನು ಬರಮಾಡಿಕೊಳ್ಳಲು ಕಾತರರಾಗಿದ್ದೇವೆ ಅಂತ ಇರುತ್ತಿತ್ತು. ತಿದ್ದಿ ಬರುವಷ್ಟರಲ್ಲಿ ಹದಿನೇಳು ದಿನ ಹೋಯಿತು. ನಾನು ಕಣ್ಣಿಟ್ಟಿದ್ದ ವೀಸಾ ಸಂದರ್ಶನದ ಸ್ಲಾಟ್ ಆ ಹದಿನೇಳರ ಒಳಗೆ ಬಂದು ಹೋಯಿತು.

ಕ್ಲಾಸ್ ಶುರುವಾಗುವ 30 ದಿನ ಮೊದಲೇ ದೇಶದೊಳಗೆ ಬರಬಹುದು ಅಂತ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದ ನಿಯಮ. ನಾನು ಬಂದಿಳಿದದ್ದು ಎರಡು ದಿನ ಮೊದಲು. ಓರಿಯೆಂಟೇಶನ್ ಮುಗಿದಿತ್ತು. ಕ್ಯಾಂಪಸ್ಸಿನ ರೂಮುಗಳು ತುಂಬಿದ್ದವು. ಒಂಟಿ ಹೆಸರಿನವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಚುಟುಕು ರೂಪ. ನನ್ನ ಐಡಿ ಕಾರ್ಡಿನಲ್ಲೂ ಅದೇ ಅಚ್ಚಾಯಿತು. ಕೌಂಟರಿನಲ್ಲಿದ್ದ ಹುಡುಗಿ ನಗುನಗುತ್ತ 'ಹಾಯ್ ಫ್ನೂ' ಅಂದಳು. ಅವಳ ತಪ್ಪೇನಿಲ್ಲ.

ಒಂದು ಕೆಂಪು ಚುಕ್ಕೆ ತೆಗೆಯಲು ನಿಮ್ಮ ಸಾಫ್ಟ್‌ವೇರಿನವರಿಗೆ ಎಷ್ಟು ಹೊತ್ತು ಬೇಕು?

ಶಿಫಾರಸು ಪತ್ರದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಕಾಯುವವರು ನಾವಷ್ಟೇ ಅಲ್ಲ, ನಮ್ಮ ಮೇಷ್ಟ್ರೂ ಹೌದು. ನನಗೆ ತುಂಬಾ ಚೆನ್ನಾಗಿ ಪಾಠ ಹೇಳಿದವರು ನಿವೃತ್ತರಾಗಿದ್ದರು. ಕಾಲೇಜಿನ ಇಮೇಲ್ ಅವರಿಗಿಲ್ಲ. ನಿಮ್ಮ ಪೋರ್ಟಲ್ ಜಿಮೇಲ್ ವಿಳಾಸ ಒಪ್ಪುವುದಿಲ್ಲ. ಇನ್ನೊಂದು ವಿಶ್ವವಿದ್ಯಾಲಯ ಒಪ್ಪಿತು, ಆದರೆ ಅದರ ಲಿಂಕ್ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಕೂತಿತ್ತು. ಮೂರನೆಯದಕ್ಕೆ ಪಾಸ್‌ವರ್ಡ್ ಮಾಡಿಕೊಳ್ಳಬೇಕಿತ್ತು. ಒಳಗೆ ಹೋದ ಮೇಲೆ ಎಂಟು ಪ್ರಶ್ನೆ: ಈ ಹುಡುಗ ನೀವು ಪಾಠ ಹೇಳಿದವರಲ್ಲಿ ಮೇಲಿನ ಶೇ. 1ರಲ್ಲಿ ಬರುತ್ತಾನೋ, ಶೇ. 5ರಲ್ಲೋ, ಶೇ. 10ರಲ್ಲೋ? ಅವರು ನನಗೆ ಫೋನ್ ಮಾಡಿ, "ನಾನು ನಿಮ್ಮನ್ನೆಲ್ಲ ಹಾಗೆ ಎಣಿಸಿ ಇಟ್ಟುಕೊಂಡಿಲ್ಲವಲ್ಲಪ್ಪಾ" ಅಂದರು. ಬೇರೆ ಬೇರೆ ಪೋರ್ಟಲ್‌ನಲ್ಲಿ ಅದೇ ಪತ್ರವನ್ನು ಆರು ಸಲ ಹಾಕಿದರು. ಏಳನೆಯದನ್ನು ಕೇಳಲು ನನಗೇ ಮುಖ ಇರಲಿಲ್ಲ. ಆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದನ್ನೇ ಬಿಟ್ಟೆ.

ಬ್ರಿಟನ್ನಿನಲ್ಲಿ ಪದವಿ ಕೋರ್ಸುಗಳಿಗೆ ಯುಕಾಸ್ ಅಂತ ಒಂದು ಕೇಂದ್ರ ಅರ್ಜಿ ವ್ಯವಸ್ಥೆ ಇದೆಯಲ್ಲ. ಒಂದೇ ಅರ್ಜಿ, ಐದು ಆಯ್ಕೆ, ಒಂದೇ ಶಿಫಾರಸು. ಅದು ನಡೆಯುತ್ತಲೇ ಇದೆ. ಅಂದರೆ ಆಗದ ಕೆಲಸವೇನಲ್ಲ.

ಅಂಕದ ಲೆಕ್ಕದಲ್ಲಿ ನಾನು ಜರ್ಮನಿಯವರನ್ನು ಹೊಗಳುತ್ತೇನೆ. ಬೇರೆ ದೇಶದ ಅಂಕವನ್ನು ತಮ್ಮ ಅಂಕಕ್ಕೆ ಬದಲಾಯಿಸಲು ಅವರಲ್ಲಿ ಒಂದು ಸೂತ್ರ ಬಳಕೆಯಲ್ಲಿದೆ, ಬವೇರಿಯನ್ ಸೂತ್ರ ಅಂತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠ ಅಂಕದಿಂದ ಪಾಸ್ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹತ್ತಕ್ಕೆ ಎಂಟು ಬಂದಿದ್ದು, ಪಾಸಿಗೆ ನಾಲ್ಕು ಸಾಕು ಅಂತಿದ್ದರೆ ಉತ್ತರ 2.0. ಅವರಲ್ಲಿ 1 ಅಂದರೆ ಅತಿ ಒಳ್ಳೆಯದು, 4 ಅಂದರೆ ಬರೀ ಪಾಸ್. ಕೋರ್ಸಿಗೆ 2.5 ಬೇಕು ಅಂದರೆ ನನಗೆ ಜಾಗ ಇದೆಯೋ ಇಲ್ಲವೋ ಅಂತ ಒಂದು ಚೀಟಿಯಲ್ಲಿ ನಾನೇ ಲೆಕ್ಕ ಹಾಕಬಹುದು. ಶುಲ್ಕ ಕಟ್ಟುವ ಮೊದಲೇ. ಉಳಿದ ಕಡೆ ಏನಿದೆ? 'ನಿಮ್ಮ ಅರ್ಜಿಯನ್ನು ಸಮಗ್ರವಾಗಿ ನೋಡುತ್ತೇವೆ.' ನೋಡಿ, ಬೇಡ ಅನ್ನುವುದಿಲ್ಲ. ಆದರೆ ಯಾವ ಅಂಕಕ್ಕಿಂತ ಕೆಳಗಿದ್ದರೆ ನೋಡುವುದೇ ಇಲ್ಲ ಅಂತ ನಿಮಗೊಂದು ಅಂದಾಜು ಇದ್ದೇ ಇರುತ್ತದೆ. ಅದನ್ನು ಹೇಳಿಬಿಟ್ಟರೆ ಸುಮ್ನೆ ಅರ್ಜಿ ಶುಲ್ಕ ಕಟ್ಟಿ ಮೂರು ತಿಂಗಳು ಕಾಯುವವರು ಕಡಿಮೆಯಾಗುತ್ತಾರೆ. ಶುಲ್ಕವೂ ಕಡಿಮೆಯಾಗುತ್ತದೆ, ಅದು ಬೇರೆ ಮಾತು.

ಇಂಗ್ಲಿಷ್ ಪರೀಕ್ಷೆಯಲ್ಲೂ ಹೀಗೇ. ಐಇಎಲ್‌ಟಿಎಸ್‌ನಲ್ಲಿ ಒಂದೇ ಭಾಗದಲ್ಲಿ ಅರ್ಧ ಬ್ಯಾಂಡ್, ಅಂದರೆ ಅರ್ಧ ಅಂಕ, ಕಡಿಮೆ ಬಂದರೆ ಈಗ ಆ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ಮೊದಲ ಪರೀಕ್ಷೆಯಾದ 60 ದಿನದೊಳಗೆ ಬರೆಯಬೇಕು. ಹಾಗೆ ಬಂದ ಅಂಕವನ್ನು ಕೆಲವು ವಿಶ್ವವಿದ್ಯಾಲಯ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ನೀವು ಒಪ್ಪುತ್ತೀರಾ ಅಂತ ಕೇಳಿದ ಮೇಲ್‌ಗೆ 61ನೇ ದಿನ ಉತ್ತರ ಬಂದರೆ ಏನು ಮಾಡೋಣ?

ಇನ್ನು ಡೆಪಾಸಿಟ್. ಇದರಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ.

ಅಮೆರಿಕದ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್ ಅನ್ನುವ ಸಂಘಟನೆಯಲ್ಲಿ ಏಪ್ರಿಲ್ 15ರ ಒಪ್ಪಂದ ಅಂತ ಒಂದಿದೆ. ಬಹಳಷ್ಟು ವಿಶ್ವವಿದ್ಯಾಲಯಗಳು ಅದಕ್ಕೆ ಸಹಿ ಹಾಕಿವೆ. ಸ್ಕಾಲರ್‌ಶಿಪ್ಪೋ ಅಸಿಸ್ಟೆಂಟ್‌ಶಿಪ್ಪೋ ಕೊಡುತ್ತೇವೆ ಅಂದ ಮೇಲೆ, ಏಪ್ರಿಲ್ 15ಕ್ಕಿಂತ ಮೊದಲೇ ಹೂಂ ಅಥವಾ ಊಹೂಂ ಹೇಳು ಅಂತ ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಬೇರೆ ಕಡೆಯ ಉತ್ತರ ಬರಲಿ, ಯೋಚಿಸಿ ಹೇಳಲಿ ಅಂತ. ಒಳ್ಳೆಯ ನಿಯಮ. ಆದರೆ ದುಡ್ಡು ನೀವು ಕೊಡುವಾಗ ಇಷ್ಟು ಮರ್ಯಾದೆ, ದುಡ್ಡು ನಾವು ಕಟ್ಟುವಾಗ ಹತ್ತು ದಿನದ ಗಡುವು. ನಮ್ಮ ಅರ್ಜಿಯನ್ನು ಹದಿನಾಲ್ಕು ವಾರ ಇಟ್ಟುಕೊಂಡವರು, ಸೀಟು ಬೇಕಿದ್ದರೆ ಹತ್ತು ದಿನದೊಳಗೆ ಡೆಪಾಸಿಟ್ ಕಟ್ಟಿ ಅಂತೀರಿ. ಅಷ್ಟರಲ್ಲಿ ಸಾಲ ಮಂಜೂರಾಗುವುದಿಲ್ಲ. ಬೇರೆ ಎರಡು ಕಡೆಯ ಉತ್ತರ ಬಂದಿರುವುದಿಲ್ಲ. ವೀಸಾ ಸಿಗುತ್ತದೋ ಇಲ್ಲವೋ ದೇವರಿಗೇ ಗೊತ್ತು. ಮನೆಯವರು ಯಾರ ಹತ್ತಿರವೋ ಕೈಗಡ ತಂದು ಕಟ್ಟುತ್ತಾರೆ.

ವೀಸಾ ಸಿಗದಿದ್ದರೆ ಆ ದುಡ್ಡು ವಾಪಸ್ ಬರುತ್ತದಾ? ಕೆಲವರು ಪೂರ್ತಿ ಕೊಡುತ್ತೀರಿ. ಕೆಲವರು ಸ್ವಲ್ಪ ಹಿಡಿದುಕೊಳ್ಳುತ್ತೀರಿ. ಕೆಲವರಲ್ಲಿ ಅದು ಮೂವತ್ತನಾಲ್ಕು ಪುಟದ ಪಿಡಿಎಫ್‌ನ ಇಪ್ಪತ್ತೇಳನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಆಫರ್ ಲೆಟರಿನ ಮೊದಲ ಪುಟದಲ್ಲೇ ಒಂದು ಸಾಲು ಬರೆಯಿರಿ: ವೀಸಾ ಸಿಗದಿದ್ದರೆ ಇಷ್ಟು ದುಡ್ಡು, ಇಷ್ಟು ದಿನದಲ್ಲಿ ವಾಪಸ್. ಅಷ್ಟು ಸಾಕು.

ಏಜೆಂಟರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಸೇವೆ ಪೂರ್ತಿ ಉಚಿತ ಅಂತ ಅವರು ಬೋರ್ಡ್ ಹಾಕಿಕೊಂಡಿರುತ್ತಾರೆ. ಕಮಿಷನ್ ಕೊಡುವವರು ನೀವು, ಅದು ಹೊರಡುವುದು ನಾವು ಕಟ್ಟುವ ಫೀಸಿನಿಂದ. ಅಮೆರಿಕದಲ್ಲಿ ಸ್ವದೇಶದ ವಿದ್ಯಾರ್ಥಿಗಳನ್ನು ತಲೆಗಿಷ್ಟು ಕಮಿಷನ್ ಕೊಟ್ಟು ಸೇರಿಸಿಕೊಳ್ಳುವುದಕ್ಕೆ ಸರ್ಕಾರಿ ಸಹಾಯಧನದ ಕಾನೂನು ಅಡ್ಡ ಇದೆ. ಹೊರದೇಶದ ವಿದ್ಯಾರ್ಥಿಗಳ ವಿಷಯದಲ್ಲಿ ಅದೇ ಕಾನೂನು ವಿನಾಯಿತಿ ಕೊಟ್ಟಿದೆ. ನಿಮ್ಮ ಮಕ್ಕಳಿಗೆ ಬೇಡವಾದದ್ದು ನಮಗೆ ನಡೆಯುತ್ತದೆ, ಅಲ್ವಾ? ಕೊಡುವುದಾದರೆ ಕೊಡಿ. ಯಾವ ಏಜೆಂಟಿಗೆ ಕೊಡುತ್ತೀರಿ ಅಂತ ನಮಗೂ ತಿಳಿಸಿ.

ಇಷ್ಟೆಲ್ಲ ಆದ ಮೇಲೆ ನನಗೆ ಬೇಜಾರಾಗಿದ್ದು ಇನ್ನೊಂದಕ್ಕೆ. 'ಓದಲು ತಯಾರಾಗುವುದು' ಅಂತಾರೆ. ಒಂದು ವರ್ಷ ತಯಾರಾದೆ. ಅದರಲ್ಲಿ ಓದಿನ ತಯಾರಿ ಒಂದು ವಾರವೂ ಇರಲಿಲ್ಲ. ಅಂಕಪಟ್ಟಿಯ ಸೀಲ್ ಮಾಡಿದ ಕವರ್ ಎಲ್ಲಿ ಮುಟ್ಟಿತು ಅಂತ ಕೊರಿಯರ್ ನಂಬರ್ ಹಾಕಿ ನೋಡುವುದು, ಪೋರ್ಟಲ್‌ನಲ್ಲಿ 'ಪರಿಶೀಲನೆಯಲ್ಲಿದೆ' ಅನ್ನುವ ಪದ ಬದಲಾಯಿತಾ ಅಂತ ರಾತ್ರಿ ಎದ್ದು ನೋಡುವುದು, ಇದೇ ಆಯಿತು. ಮೊದಲ ಸೆಮಿಸ್ಟರ್‌ನಲ್ಲಿ ಯಾವ ಪುಸ್ತಕ ಓದಬೇಕು ಅಂತ ತಿಳಿದದ್ದು ಕ್ಲಾಸಿನಲ್ಲಿ ಕೂತ ಮೇಲೆ.

ಮೂರನೇ ವಾರ ಮೊದಲ ಅಸೈನ್‌ಮೆಂಟ್ ಕೊಟ್ಟೆ. ನಾನು ಕಲಿತು ಬಂದ ರೀತಿಯಲ್ಲಿ ಪುಸ್ತಕದ ಮಾತನ್ನು ಪುಸ್ತಕದಲ್ಲಿದ್ದ ಹಾಗೆ ಬರೆದರೆ ಅದು ಶ್ರದ್ಧೆ. ಅಲ್ಲಿ ಅದು ಕಳ್ಳತನ. ಒಂದು ಪ್ಯಾರಾದಲ್ಲಿ ಎರಡು ಪದ ಬದಲಾಯಿಸಿ, ಕೆಳಗೆ ಪುಸ್ತಕದ ಹೆಸರು ಹಾಕಿದ್ದೆ. ಅಷ್ಟು ಸಾಲದು ಅಂತ ಗೊತ್ತಿರಲಿಲ್ಲ. ಮೇಡಂ ಕರೆಸಿದರು. ಪುಣ್ಯಕ್ಕೆ ಕಂಪ್ಲೇಂಟ್ ಬರೆಯಲಿಲ್ಲ. ಕೂರಿಸಿಕೊಂಡು, ಉದ್ಧರಣ ಚಿಹ್ನೆ ಎಲ್ಲಿ ಬೇಕು, ನನ್ನ ಮಾತಿನಲ್ಲಿ ಹೇಳುವುದು ಅಂದರೆ ಏನು ಅಂತ ಇಪ್ಪತ್ತು ನಿಮಿಷ ಹೇಳಿಕೊಟ್ಟರು. ಆ ಇಪ್ಪತ್ತು ನಿಮಿಷವನ್ನು ಒಂದು ವಿಡಿಯೊ ಮಾಡಿ ಆಫರ್ ಲೆಟರಿನ ಜೊತೆ ಕಳಿಸಬಹುದಿತ್ತು. ಕಾಯಲು ಅಷ್ಟು ತಿಂಗಳು ಇತ್ತಲ್ಲ, ನೋಡುತ್ತಿದ್ದೆ. ಪ್ರೊಫೆಸರರ ಆಫೀಸ್ ಅವರ್ಸ್ ಅಂದರೆ ವಿದ್ಯಾರ್ಥಿಗಳು ಹೋಗಿ ಸಂದೇಹ ಕೇಳುವ ಹೊತ್ತು. ಅದು ತೊಂದರೆ ಕೊಡಬಾರದ ಹೊತ್ತು ಅಂತ ನಾನು ಒಂದೂವರೆ ತಿಂಗಳು ತಿಳಿದುಕೊಂಡಿದ್ದೆ. ನಿಮಗೆ ನಗು ಬರಬಹುದು. ಆ ಒಂದೂವರೆ ತಿಂಗಳಲ್ಲಿ ಮಿಡ್‌ಟರ್ಮ್ ಮುಗಿದಿತ್ತು.

ಈ ಪತ್ರವನ್ನು ನಿಮಗಿಂತ ಮೊದಲು ಓದುವವರು ಹೊರಡಲು ತಯಾರಾಗುತ್ತಿರುವವರು. ಅವರಿಗೂ ಎರಡು ಮಾತು ಹೇಳಿಬಿಡುತ್ತೇನೆ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ಪರೀಕ್ಷೆಗೂ ಅರ್ಜಿಗೂ ಬ್ಯಾಂಕಿಗೂ ಕೊಡಿ. ಪಾಸ್‌ಪೋರ್ಟಿನಲ್ಲೇ ತಪ್ಪಿದ್ದರೆ ಬೇರೆ ಎಲ್ಲಕ್ಕೂ ಮೊದಲು ಅದನ್ನು ಸರಿ ಮಾಡಿಸಿ. ಕೋರ್ಸ್ ಶುರುವಾಗುವ ಒಂದು ವರ್ಷ ಮೊದಲೇ ಕೆಲಸಕ್ಕೆ ಇಳಿಯಿರಿ, ಬೇಗ ಆಯಿತು ಅಂತ ಯಾರಾದರೂ ನಕ್ಕರೆ ನಗಲಿ. ಅಕೌಂಟಿನಲ್ಲಿ ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇಡಿ. ಡೆಪಾಸಿಟ್ ಕಟ್ಟುವ ಮೊದಲು ವಾಪಸಾತಿ ನಿಯಮವನ್ನು ಮೇಲ್‌ನಲ್ಲಿ ಕೇಳಿ, ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ವೀಸಾ ಕೈಗೆ ಬರುವ ಮೊದಲು ದುಡ್ಡು ವಾಪಸ್ ಬಾರದ ಟಿಕೆಟ್ ತೆಗೆಯಬೇಡಿ. ನೋಡದ ರೂಮಿಗೆ ಮುಂಗಡ ಕಳಿಸಬೇಡಿ.

ಅಡ್ಮಿಷನ್ ಆಫೀಸಿನವರೇ, ನಿಮ್ಮಲ್ಲಿ ಕೆಲಸ ಮಾಡುವವರೂ ನಮ್ಮ ಹಾಗೇ ಸಂಬಳಕ್ಕೆ ದುಡಿಯುವವರು, ಒಬ್ಬೊಬ್ಬರ ಮುಂದೆ ಸಾವಿರ ಅರ್ಜಿ ಇರುತ್ತದೆ ಅಂತ ಗೊತ್ತು. ಜನ ಕಡಿಮೆ ಇದ್ದರೆ ನಿಮ್ಮ ಮೇಲಿನವರನ್ನು ಜನ ಕೇಳಿ. ನಾನು ಕೇಳುತ್ತಿರುವುದು ಒಂದು ತಾರೀಕು ಮಾತ್ರ. ಅರ್ಜಿಯ ಕೊನೆ ದಿನ ಬರೆಯುವ ಜಾಗದಲ್ಲೇ, ಅದರ ಕೆಳಗೆ, 'ನಾವು ಉತ್ತರ ಕೊಡುವ ಕೊನೆ ದಿನ' ಅಂತ ಇನ್ನೊಂದು ಸಾಲು. ಬೇಡ ಅನ್ನುವ ಉತ್ತರವಾದರೂ ಸರಿ, ಆ ದಿನಕ್ಕೆ ಕೊಡಿ.

ಈ ಪತ್ರಕ್ಕೆ ಉತ್ತರ ಬರೆಯಲು ನಿಮಗೆ ಹತ್ತು ದಿನ ಇದೆ. ಹತ್ತನೇ ದಿನ ರಾತ್ರಿ 11:59ಕ್ಕೆ ಮುಗಿಯುತ್ತದೆ. ಯಾವ ದೇಶದ 11:59 ಅಂತ ಕೇಳಬೇಡಿ, ನೀವೂ ನಮಗೆ ಹೇಳಿರಲಿಲ್ಲ.

ಇಂತಿ,
ನಿಮ್ಮ ದಾಖಲೆಯಲ್ಲಿ ಈಗಲೂ ಎಫ್‌ಎನ್‌ಯು ಆಗಿರುವವನು